ಬಳಚಿನ ಬುಟ್ಟಿಯ ಮೇಲಿದ್ದ ವಿಮಾನ

ಕುಮಟೆಯ ಮೀನುಪೇಟೆಯಲ್ಲಿ ಬಳಚು ಎಂಬ ಚಿಪ್ಪುಮೀನು ಮಾರುವ ಮುದುಕಿಯೊಬ್ಬರು ತಮ್ಮ ಬುಟ್ಟಿಗೆ ಮುಚ್ಚುತ್ತಿದ್ದ ತಗಡನ್ನು ನಾನು ಎಷ್ಟೋ ವರ್ಷ ನೋಡಿಯೂ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಚೀಲ ಹಿಡಿದು ನಿಂತಿದ್ದಾಗ, ಅದರ ಅಂಚಿನುದ್ದಕ್ಕೂ ಒಂದೇ ಅಂತರದಲ್ಲಿ ಸಾಲಾಗಿದ್ದ ರಿವೆಟ್ ತೂತುಗಳು ಕಣ್ಣಿಗೆ ಬಿದ್ದವು. ಅಂಥ ತೂತು ಪಾತ್ರೆಗೆ ಇರುವುದಿಲ್ಲ, ಡಬ್ಬಿಗೆ ಇರುವುದಿಲ್ಲ. ವಿಮಾನದ ಮೈಗೆ ಇರುತ್ತದೆ.

ನನಗೆ ಅದು ಗೊತ್ತಾದದ್ದು ಒಂದು ಹುಚ್ಚಿನಿಂದ. ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಹೈಸ್ಕೂಲಿನ ಪ್ರಯೋಗಾಲಯದ ಕಪಾಟಿನಲ್ಲಿ ಎತ್ತರ ತೋರಿಸುವ ಒಂದು ಹಳೆಯ ಗಡಿಯಾರದಂಥ ಉಪಕರಣ ಇತ್ತು. ಬೆನ್ನಿಗೆ ಕಿರೀಟದ ಗುರುತು, ಕೆಳಗೆ ಒಂದಿಷ್ಟು ಅಂಕಿ. ಇದು ಯಾವ ವಿಮಾನದ್ದು ಎಂದು ಹುಡುಕಲು ಹೋಗಿ, ಬ್ರಿಟಿಷರ ಹಳೆಯ ಯುದ್ಧವಿಮಾನಗಳ ಚರಿತ್ರೆ ಬರೆಯುವ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಹೆಚ್ಚಿನವರು ಇಂಗ್ಲೆಂಡಿನ ನಿವೃತ್ತರು. ಒಂದೊಂದು ವಿಮಾನಕ್ಕೂ ಒಂದೊಂದು ಜಾತಕ ಬರೆಯುವುದು ಅವರ ಕೆಲಸ. ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಯಾವ ಪಡೆಗೆ ಹೋಯಿತು, ಎಂಜಿನ್ ಎಷ್ಟು ಸಲ ಬದಲಾಯಿತು, ಎಲ್ಲಿ ಬಿದ್ದು ಸತ್ತಿತು. ನಾನೂ ಸೇರಿಕೊಂಡೆ. ಹತ್ತು ವರ್ಷ ನನ್ನ ರಜೆಗಳೆಲ್ಲ ಅದಕ್ಕೇ ಹೋದವು. ಈ ಕರಾವಳಿಯ ಸಮುದ್ರದಲ್ಲಿ ಬಿದ್ದವುಗಳ ಪಟ್ಟಿ ಮಾಡಿಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು.

ಹಾಗಾಗಿ ಆ ಬೆಳಿಗ್ಗೆ ಬಳಚು ಕೊಳ್ಳುವುದನ್ನು ಬಿಟ್ಟು ತಗಡನ್ನು ಕೈಗೆತ್ತಿಕೊಂಡೆ. ತಿರುಗಿಸಿ ನೋಡಿದರೆ ಒಳಮೈಯಲ್ಲಿ ಅಕ್ಷರ ಮತ್ತು ಅಂಕಿ ಒತ್ತಿದ್ದು ಇನ್ನೂ ಓದುವಂತಿತ್ತು.

"ಇದು ಎಲ್ಲಿ ಸಿಕ್ಕಿತು ಅಮ್ಮ?" ಎಂದೆ.

"ನಮ್ ಅಪ್ಪಂದು ಅಕ್ಕೋರೆ. ಇಮಾನದ್ದು," ಎಂದರು ಅವರು, ಮೆಣಸಿನಕಾಯಿ ಯಾವ ಗದ್ದೆಯದು ಎಂದು ಹೇಳುವಷ್ಟು ಸಲೀಸಾಗಿ.

ಮುಂದಿನ ವಾರವೇ ಬಸ್ಸು ಹತ್ತಿ ಅಘನಾಶಿನಿ ಊರಿನ ಅವರ ಮನೆಗೆ ಹೋದೆ. ಅಳತೆಪಟ್ಟಿ, ಭೂತಗನ್ನಡಿ, ಕ್ಯಾಮೆರಾ ಎಲ್ಲ ಒಯ್ದಿದ್ದೆ. ಜಗುಲಿಯ ಮೇಲೆ ಹಳೆಯ ಸೀರೆ ಹಾಸಿ ಅದರ ಮೇಲೆ ತಗಡನ್ನಿಟ್ಟು ಎರಡು ತಾಸು ಅಳೆದೆ. ತೂತುಗಳನ್ನು ಎಣಿಸಿದೆ. ದಪ್ಪ ನೋಡಿದೆ. ಅವರು ಒಳಗಿಂದ ಚಹಾ ತಂದು, ನಾನು ಕುಡಿಯುವವರೆಗೂ ಕಂಬಕ್ಕೆ ಒರಗಿ ಕುಳಿತಿದ್ದರು. ಏನೋ ಹೇಳಬೇಕೆಂದು ಎರಡು ಸಲ ಬಾಯಿ ತೆರೆದದ್ದು ನನಗೆ ಕಂಡಿತ್ತು. ನಾನು ಕೇಳಲಿಲ್ಲ. ನನಗೆ ಅಂಕಿ ಬೇಕಿತ್ತು, ಸಿಕ್ಕಿತು, ಹೊರಟು ಬಂದೆ.

ಚಿತ್ರಗಳನ್ನು ಗುಂಪಿನ ಹಿರಿಯರೊಬ್ಬರಿಗೆ ಕಳಿಸಿದೆ. ಗುಂಪಿನ ಜಾಲತಾಣದಲ್ಲಿ ಈ ಜಾತಿಯ ವಿಮಾನಗಳ ಪುಟಗಳನ್ನೆಲ್ಲ ನೋಡಿಕೊಳ್ಳುವವರು ಅವರೇ. ತಿಂಗಳೊಳಗೆ ಉತ್ತರ ಬಂತು. ಯುದ್ಧಕಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಎರಡು ಎಂಜಿನ್ನಿನ ವಿಮಾನ. ಒಂದು ಎಂಜಿನ್ ಕೆಟ್ಟು ನೀರಿಗಿಳಿಯಿತು. ಒಳಗಿದ್ದ ನಾಲ್ವರೂ ತಮ್ಮ ರಬ್ಬರ್ ದೋಣಿಯಲ್ಲಿ ಕ್ಷೇಮವಾಗಿ ದಡ ಸೇರಿದರು. ಆ ವಿಮಾನದ ಪುಟದಲ್ಲಿ ನಾಲ್ವರ ಪೂರ್ತಿ ಹೆಸರು, ಹುದ್ದೆ, ಊರು ಎಲ್ಲ ಇತ್ತು. ಎರಡೂ ಎಂಜಿನ್ನಿನ ನಂಬರು ಇತ್ತು. ಪ್ರೊಪೆಲ್ಲರುಗಳ ನಂಬರು ಕೂಡ ಇತ್ತು.

ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದ ಹುಡುಗಿಯ ಹಾಗೆ ಅದರ ಪ್ರಿಂಟ್ ತೆಗೆದುಕೊಂಡು ಮತ್ತೆ ಅಘನಾಶಿನಿಗೆ ಹೋದೆ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಮತೆ ನಮ್ ಅಪ್ಪಂದು ಎಂತ ಬರದಾರೆ?"

"ನಿಮ್ಮ ಅಪ್ಪಂದು..." ಎಂದು ನಾನು ಹಾಳೆ ತಿರುಗಿಸಿದೆ. ಹಿಂದೆ ಖಾಲಿ ಇತ್ತು.

ಆಗ ಅವರು ಹೇಳಿದರು. ನಾನು ಮೊದಲ ದಿನವೇ ಕೇಳಬೇಕಾಗಿದ್ದದ್ದು.

ಅವರ ಅಪ್ಪ ಮತ್ತು ಚಿಕ್ಕಪ್ಪ ಹೊಳೆ ಕಡಲು ಸೇರುವ ಅಳಿವೆಯ ಹೊರಗೆ ಬಲೆ ಬಿಟ್ಟಿದ್ದಾಗ ವಿಮಾನ ಬಿದ್ದಿತು. ರಬ್ಬರ್ ದೋಣಿ ಹರಿದಿತ್ತು. ನಾಲ್ವರು ಅದರ ಚೂರು ಹಿಡಿದು ತೇಲುತ್ತಿದ್ದರು, ಒಬ್ಬನ ಕಾಲು ಮುರಿದಿತ್ತು. ಅಣ್ಣತಮ್ಮ ಬಲೆ ಕೊಯ್ದು ಬಿಟ್ಟು, ನಾಲ್ವರನ್ನೂ ತಮ್ಮ ದೋಣಿಗೆ ಎಳೆದುಕೊಂಡು, ತೆರೆ ಒಡೆಯುವ ಅಳಿವೆಯನ್ನು ದಾಟಿಸಿ ತಂದರು. ನಾವು ಕುಳಿತಿದ್ದ ಆ ಮನೆಯಲ್ಲೇ ಗಂಜಿ ಕುಡಿಸಿದರು. ಮಾರನೇ ದಿನ ಮಿಲಿಟರಿಯವರು ಬಂದು ನಾಲ್ವರನ್ನು ಒಯ್ದರು. ತೇಲಿಬಂದ ತಗಡುಗಳನ್ನು ಊರವರು ಹಂಚಿಕೊಂಡರು. ವಾರ ಕಳೆದು ಪೊಲೀಸರು ಬಂದರು. ಸರ್ಕಾರದ ವಿಮಾನ ಕದ್ದವರು ಯಾರು, ಅದರ ಬಂದೂಕು ಎಲ್ಲಿ ಎಂದು ಅಪ್ಪನನ್ನು ಹಿಡಿದುಕೊಂಡು ಹೋದರು.

"ಬಂದೂಕು ಸಮುದ್ರದಾಗೆ ಹೋಗಿತ್ತು. ಅಪ್ಪ ಎಲ್ಲಿಂದ ತಂದು ಕೊಡೂದು? ತಿರುಗಿ ಬರ್ಬೇಕಿದ್ರೆ ಪೊಲೀಸ್ರು ಬಲಗೈ ಮುಂಗೈ ಮುರದಿದ್ರು. ನಾ ಹುಟ್ಟೂಕಿಂತ ಮುಂಚಿನ ಸುದ್ದಿ. ನಾ ನೋಡಿದ್ದು ಆ ಕೈನೇ. ಬಲೆ ಎಳೂಕೆ ಬರ್ತಿರ್ಲಿಲ್ಲ. ತುತ್ತು ಎತ್ತೂಕೂ ಎಡಗೈ."

ಸಿಟ್ಟು ನನಗೆ ಅಲ್ಲಿಯೇ ಬಂತು. ಆದರೆ ಮೊದಲ ಪಾಲು ನನ್ನ ಮೇಲೆಯೇ. ಎರಡು ತಾಸು ರಿವೆಟ್ ತೂತು ಎಣಿಸಿದವಳು ನಾನು.

ಇಂಗ್ಲೆಂಡಿನ ಆ ಹಿರಿಯರಿಗೆ ಎಲ್ಲವನ್ನೂ ಬರೆದೆ. ಅವರು ತುಂಬ ಸಭ್ಯವಾಗಿ ಉತ್ತರಿಸಿದರು. ಮನೆಮಾತಿನ ಕತೆಗಳು ವರ್ಷ ಹೋದಂತೆ ಬೆಳೆಯುತ್ತವೆ, ನಾವು ದಾಖಲೆಯನ್ನು ಮಾತ್ರ ನಂಬುತ್ತೇವೆ, ನಿಮ್ಮ ಮುದುಕಿಗೆ ನನ್ನ ನಮಸ್ಕಾರ ತಿಳಿಸಿ. ಕೆಳಗೆ ಇನ್ನೊಂದು ಸಾಲು: ಆ ತಗಡನ್ನು ಇಲ್ಲಿನ ಸಂಗ್ರಹವೊಂದಕ್ಕೆ ಕೊಡಲು ಅವರು ಒಪ್ಪುತ್ತಾರೆಯೇ?

ಒಪ್ಪಿದ್ದರೆ ಆ ತಗಡಿಗೆ ಗಾಜಿನ ಪೆಟ್ಟಿಗೆ ಸಿಗುತ್ತಿತ್ತು. ತಗಡನ್ನು ನಂಬಬಹುದು, ಅದನ್ನು ಇಟ್ಟುಕೊಂಡವರ ಮಾತನ್ನು ನಂಬುವಂತಿಲ್ಲ. ಆ ದಿನ ಅನ್ನ ಒಲೆಯ ಮೇಲೆ ಸೀದು ಹೋಗುವವರೆಗೂ ಕಂಪ್ಯೂಟರಿನ ಮುಂದೆ ಕುಳಿತು ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ.

ದಾಖಲೆ ಬೇಕೆಂದರೆ ತರುತ್ತೇನೆ ಎಂದು ಹೊರಟೆ. ಪೊಲೀಸರ ಹಳೆಯ ಕಾಗದ ಸಿಗುತ್ತದೆಯೇ ಎಂದು ಕಚೇರಿಗಳ ಮೆಟ್ಟಿಲು ಹತ್ತಿದೆ. ಅಷ್ಟು ಹಿಂದಿನದು ಯಾವುದೂ ಇಲ್ಲ ಎಂದರು. ಬಳಚಿನಮ್ಮನೇ ಒಂದು ದಾರಿ ಹೇಳಿದರು. ಊರವರ ಪಾಲಿನ ತಗಡುಗಳನ್ನು ಭಟ್ಕಳದ ಪಾತ್ರೆ ಮಾಡುವವರೊಬ್ಬರು ಕೊಂಡು ಒಯ್ದಿದ್ದರಂತೆ. ಭಟ್ಕಳದಲ್ಲಿ ಮೂರು ದಿನ ತಿರುಗಿ ಅವರ ಮೊಮ್ಮಗನನ್ನು ಹುಡುಕಿದೆ. ಎಪ್ಪತ್ತು ದಾಟಿದ, ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಮಾತು ಆಡುವ, ನನ್ನ ಜೊತೆ ತೂಕದ ಕನ್ನಡ ಆಡಿದ ಮನುಷ್ಯ.

"ನಮ್ಮ ಅಜ್ಜ ಹೇಳ್ತಾ ಇದ್ರು," ಎಂದರು ಅವರು. "ಅಘನಾಶಿನಿಯ ದೋಣಿಯವನು ನಾಲ್ಕು ಜನ ಗೋರಾಗಳನ್ನ ಉಳಿಸಿದ, ಅವನ ಕೈಯನ್ನೇ ಮುರಿದ್ರು ಅಂತ. ಪೊಲೀಸ್ರು ಇಲ್ಲಿಗೂ ಬಂದಿದ್ರು. ಅಜ್ಜ ಅಲ್ಯುಮಿನಿಯಂನೆಲ್ಲ ಬಾವಿಗೆ ಹಾಕಿಬಿಟ್ರು."

"ಅಘನಾಶಿನಿಯ ಆ ಮನೆಯವರು ಯಾರಾದರೂ ನಿಮಗೆ ಗೊತ್ತೇ?"

"ಇಲ್ಲ. ನೀವು ಬಂದ ಮೇಲೇ ಅವ್ರಿಗೆ ಮಗಳಿದ್ದಾಳೆ ಅಂತ ತಿಳೀತು."

ಒಬ್ಬರನ್ನೊಬ್ಬರು ಕಾಣದ ಎರಡು ಮನೆ, ಒಂದೇ ಮಾತು. ಎರಡನ್ನೂ ಧ್ವನಿಮುದ್ರಿಸಿ ಇಂಗ್ಲೆಂಡಿನ ಹಿರಿಯರಿಗೆ ಕಳಿಸಿದೆ. ಜೊತೆಗೆ, ವಿಮಾನ ಇದ್ದ ಪಡೆಯ ದಿನಚರಿಯ ಆ ತಿಂಗಳ ಪುಟ ನಿಮ್ಮ ಹತ್ತಿರ ಇದ್ದರೆ ಕಳಿಸಿ ಎಂದು ಕೇಳಿದೆ. ಸಮಯವಿಲ್ಲ ಎಂದರು. ಮತ್ತೆ ಕೇಳಿದೆ. ಪ್ರತಿ ಸೋಮವಾರ ಒಂದು ಈಮೇಲ್, ಬಿಡಲಿಲ್ಲ. ಕೊನೆಗೆ ಬೇಸತ್ತು ಕಳಿಸಿದರು.

ಟೈಪ್ ಮಾಡಿದ ಪುಟ, ಮಸುಕಾಗಿತ್ತು. ಏಳನೆಯ ಸಾಲಿನಲ್ಲಿ ಇತ್ತು: ನಾಲ್ವರನ್ನು ನೇಟಿವ್ ಮೀನು ದೋಣಿಯೊಂದು ಎತ್ತಿಕೊಂಡಿತು.

ಈ ಪುಟ ಅವರ ಹತ್ತಿರ ಮೊದಲಿಂದಲೂ ಇತ್ತು. ಎಂಜಿನ್ನಿನ ನಂಬರನ್ನು ಇದೇ ಪುಟದ ಆರನೆಯ ಸಾಲಿನಿಂದ ತೆಗೆದುಕೊಂಡಿದ್ದರು. ಆರು ಓದಿದವರಿಗೆ ಏಳು ಕಾಣಲಿಲ್ಲವೇ ಎಂದು ಕೇಳಿದೆ. ಅವರು ಬರೆದರು: ಕಂಡಿತ್ತು, ಆದರೆ ನಮ್ಮ ಆಸಕ್ತಿ ವಿಮಾನದ ಚರಿತ್ರೆ. ರಬ್ಬರ್ ದೋಣಿಯಲ್ಲಿ ದಡ ಸೇರಿದರು ಎಂದು ಬರೆದದ್ದು ಒಂದು ಊಹೆ, ಅದಕ್ಕೆ ವಿಷಾದವಿದೆ.

ಊಹೆಯನ್ನು ಬರೆಯಬಹುದು. ಮಗಳ ಕಣ್ಣೆದುರು ಇದ್ದ ಮುರಿದ ಕೈಯನ್ನು ಬರೆಯುವಂತಿಲ್ಲ.

ಅವರು ಒಂದು ಸಾಲು ತಿದ್ದಿದರು. "ಸ್ಥಳೀಯ ದೋಣಿಯೊಂದು ದಡ ಸೇರಿಸಿತು." ದೋಣಿ ತಾನಾಗಿ ಹೋಗಿ ತಾನಾಗಿ ಎಳೆದುಕೊಂಡ ಹಾಗೆ. ಅಣ್ಣತಮ್ಮನ ಹೆಸರು ಹಾಕಿ ಎಂದೆ. ಪುರಾವೆ ಸಾಲದು ಎಂದರು. ಪೊಲೀಸರ ವಿಷಯವಂತೂ ಆರೋಪವಾಗುತ್ತದೆ, ಸಾಧ್ಯವೇ ಇಲ್ಲ ಎಂದರು. ನಾನು ಗುಂಪು ಬಿಟ್ಟೆ. ಹತ್ತು ವರ್ಷ ಕೂಡಿಸಿದ ಪಟ್ಟಿಯನ್ನು ವಾಪಸು ಕೇಳಿದೆ, ಅದು ಈಗ ಗುಂಪಿನದು ಎಂಬ ಉತ್ತರ ಬಂತು.

ಇದೆಲ್ಲ ಬಿಳಿಯರ ಸೊಕ್ಕು ಎಂದುಕೊಂಡು ಸುಮ್ಮನಾಗಬಹುದಿತ್ತು. ಆಗ ಹೊನ್ನಾವರದಲ್ಲಿ ಒಂದು ವಸ್ತುಪ್ರದರ್ಶನ ನಡೆಸುತ್ತಿದ್ದ ನಮ್ಮವರೇ ಫೋನ್ ಮಾಡಿದರು. ತಗಡು ತನ್ನಿ, ವಿಮಾನದ ದೊಡ್ಡ ಚಿತ್ರ ಮಾಡಿಸುತ್ತೇವೆ, ನೀವು ಹತ್ತು ನಿಮಿಷ ಮಾತಾಡಿ ಎಂದರು. ಮಾತಾಡುವವರು ತಗಡಿನ ಒಡತಿ, ನಾನಲ್ಲ ಎಂದೆ. ಆಚೆಯವರು, "ಅವ್ರಿಗೆ ಸ್ಟೇಜ್ ಮೇಲೆ ಮಾತಾಡೂಕೆ ಬರ್ತದ್ಯಾ ಮೇಡಂ?" ಎಂದರು.

ಬರುತ್ತದೆ ಎಂದೆ. ಬಳಚಿನಮ್ಮ ಬಂದರು. ಹೆಗಲ ಮೇಲೆ ಗಂಟು ಕಟ್ಟಿ ಉಟ್ಟ ಹೊಸ ಸೀರೆಯಲ್ಲಿ, ಮೈಕನ್ನು ಒಂದು ಕೈಯಿಂದ ದೂರ ಸರಿಸಿ ನಿಂತು ಹೇಳಿದರು. ಹತ್ತು ನಿಮಿಷವಾದ ಮೇಲೆ ಆಯೋಜಕರು ಸಮಯವಾಯಿತು ಎಂಬ ಚೀಟಿ ಕೊಟ್ಟರು. ಅವರು ಅದನ್ನು ನನ್ನ ಕೈಗೆ ದಾಟಿಸಿ ಮುಂದುವರಿಸಿದರು. ಅಪ್ಪನ ಹೆಸರು, ಚಿಕ್ಕಪ್ಪನ ಹೆಸರು, ಆ ದಿನ ಕೊಯ್ದ ಬಲೆಯನ್ನು ಎಷ್ಟು ತಿಂಗಳು ಹೆಣೆದಿದ್ದರು ಎಂಬುದು, ಎಲ್ಲ. ಹಿಂದಿನ ಸಾಲಿನಲ್ಲಿ ಭಟ್ಕಳದವರು ಎದ್ದು ನಿಂತು ಕೇಳುತ್ತಿದ್ದರು. ಪತ್ರಿಕೆಯಲ್ಲಿ ಬಂದದ್ದು ಮಾತ್ರ ವಿಮಾನದ ಚಿತ್ರ.

ಹೊರಗೆ ಬಸ್ಸಿಗೆ ಕಾಯುವಾಗ ಹೇಳಿದೆ, "ನಾನೇ ಬರೆಯುತ್ತೇನೆ ಅಮ್ಮ. ಹೆಸರು ಹಾಕಿ ಬರೆಯುತ್ತೇನೆ."

ಅವರು ತಲೆ ಅಲ್ಲಾಡಿಸಿದರು. "ಸುದ್ದಿ ಬರೀರಿ. ಹೆಸರು ಬ್ಯಾಡ."

"ಯಾಕೆ?"

"ನೀವು ಬರದ್ರೆ ನಮ್ ಊರವ್ರು ಓದ್ತ್ರು. ಅವ್ರಿಗೆ ಗೊತ್ತಿದ್ದದ್ದೇ. ಜೀವ ಉಳದ ನಾಲ್ಕು ಜನ್ರ ಹೆಸ್ರು ಎಲ್ಲಿ ಬರದಾರೋ, ನಮ್ ಅಪ್ಪಂದೂ ಮೊದ್ಲು ಅಲ್ಲೇ ಬರೂಕೆ ಬೇಕು. ಆಮೇಲೆ ನೀವು ಬರೀರಿ. ಆತಾ?"

"ಆತು," ಎಂದೆ.

ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಗುಂಪು ಬಿಟ್ಟಿದ್ದೇನೆ, ಆದರೆ ಸೋಮವಾರದ ಈಮೇಲ್ ಬಿಟ್ಟಿಲ್ಲ. ಈಗ ಅದರಲ್ಲಿ ಎರಡೇ ಸಾಲು ಇರುತ್ತದೆ, ಅಣ್ಣತಮ್ಮ ಇಬ್ಬರ ಹೆಸರು, ಒಂದರ ಕೆಳಗೆ ಒಂದು. ಉತ್ತರ ಬರುವುದಿಲ್ಲ.