ಎಪ್ಪತ್ತೆರಡನೆಯ ಸಂಚಿಕೆ

ಕಳೆದ ವಾರ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಯಲ್ಲಿ ಕೆಂಪು ಪೆನ್ನು ಕೇಳಿ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಂತು. ನುಣುಪು ಕಾಗದ, ಹೊಸ ಬಣ್ಣ, ಸ್ವಲ್ಪ ಸೀಮೆಎಣ್ಣೆಯ ಹಾಗೆ. ತಿರುಗಿ ನೋಡಿದರೆ ದಾರಕ್ಕೆ ನೇತುಹಾಕಿದ ಇಂಗ್ಲಿಷ್ ಕಾಮಿಕ್ಸು. ನೀಲಿ ಮುಖವಾಡದ ಹುಡುಗಿ, ಗಾಳಿಗೆ ಹಾರುವ ಹಳದಿ ಮೇಲಂಗಿ, ಮೂಲೆಯಲ್ಲಿ 72 ಎಂಬ ಅಂಕೆ. ಪೆನ್ನು ಮರೆತು ಅದನ್ನು ಕೊಂಡುಬಂದೆ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಇಂಗ್ಲಿಷ್ ಟೀಚರಿಗೆ ಇದೆಲ್ಲ ಯಾಕೆಂದು ಅಂಗಡಿಯವನು ಕೇಳಲಿಲ್ಲ. ಕೇಳಿದ್ದರೆ ಒಬ್ಬ ಕಂಡಕ್ಟರರ ಸುದ್ದಿ ಹೇಳಬೇಕಾಗುತ್ತಿತ್ತು...

ನನ್ನ ಶಾಲೆ ಇರುವುದು ಗುರುವಾಯನಕೆರೆಯಲ್ಲಿ. ಆಗ ಮಂಗಳೂರಿನಿಂದ ಬರುವ ಎಂಟು ಗಂಟೆಯ ಬಸ್ಸನ್ನು ಮೂಡುಬಿದಿರೆಯಲ್ಲಿ ಹಿಡಿಯುತ್ತಿದ್ದೆ. ಅದರ ಕಂಡಕ್ಟರು ಬಡಕಲು ಮನುಷ್ಯ, ಮಾತು ಕಡಿಮೆ. ಮುಂದಿನ ಸೀಟಿನಲ್ಲಿ ತಮ್ಮ ಚೀಲ ಇಟ್ಟು ನನಗಾಗಿ ಜಾಗ ಹಿಡಿದಿರುತ್ತಿದ್ದರು. ಟೀಚರುಗಳ ಮೇಲಿನ ಗೌರವ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಒಂದು ದಿನ ಒಂದು ಕಾಮಿಕ್ಸನ್ನು ನನ್ನ ಮಡಿಲಲ್ಲಿಟ್ಟರು.

"ಟೀಚರ್, ಇದರಲ್ಲಿ ಏನುಂಟು ಅಂತ ಸ್ವಲ್ಪ ಹೇಳ್ತೀರಾ? ನನಗೆ ಚಿತ್ರ ಮಾತ್ರ ಗೊತ್ತಾಗ್ತದೆ."

ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಕ್ಕೆ. ಮಗಳದ್ದು ಎಂದರು. ಹಾಗಾದರೆ ಮಗಳನ್ನೇ ಕಳಿಸಿ, ಓದಲು ಕಲಿಸುತ್ತೇನೆ ಎಂದೆ. ಅವರು ಟಿಕೆಟು ಕೊಡಲು ಹಿಂದೆ ಹೋದರು. ವೇಣೂರಿನಲ್ಲಿ ಬಸ್ಸು ನಿಂತಾಗ ಡ್ರೈವರು ತಿರುಗಿ, ಆ ಹುಡುಗಿ ಹಿಂದಿನ ವರ್ಷ ಕಾಮಾಲೆಯಾಗಿ ತೀರಿಕೊಂಡದ್ದನ್ನು ಹೇಳಿದ. ಹದಿನೈದು ವಯಸ್ಸಂತೆ. ನನ್ನ ಈ ನಾಲಿಗೆಯ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಹದಿನೆಂಟನೆಯ ಸಂಚಿಕೆ ಆಸ್ಪತ್ರೆಯ ದಿಂಬಿನ ಕೆಳಗಿತ್ತಂತೆ. ಮುಂದಿನದು ಬಂತಾ ಅಪ್ಪ ಎಂದು ಕೇಳಿದ್ದಳಂತೆ. ತರುತ್ತೇನೆ ಎಂದಿದ್ದರು. ಆಮೇಲೂ ತಿಂಗಳು ತಿಂಗಳೂ ತರುತ್ತಲೇ ಇದ್ದರು.

ನಮ್ಮ ಕಡೆ ಸತ್ತವರು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ. ಮನೆಯ ಉಳಿದವರ ಹಾಗೆ ಅವರೂ ದೊಡ್ಡವರಾಗುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಅವರು ಉಂಡು ಏಳುವವರೆಗೆ ಮನೆಯವರು ಹೊರಗೆ ಕಾಯುತ್ತಾರೆ. ಕಂಡಕ್ಟರು ಆ ಹೊತ್ತಿನಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಇಡೀ ವರ್ಷದ ಸಂಚಿಕೆಗಳ ಕತೆಯನ್ನು ಒಳಗಿರುವ ಮಗಳಿಗೆ ಹೇಳುತ್ತಿದ್ದರು. ಆ ಕತೆಯನ್ನು ಅವರಿಗೆ ಹೇಳಿಕೊಡುವ ಕೆಲಸ ನನ್ನದಾಯಿತು.

ಮೂರೂವರೆ ವರ್ಷ ಹೇಳಿದೆ. ಮೊದಮೊದಲು ಉಪಕಾರ ಮಾಡುವವಳ ಗತ್ತಿನಲ್ಲಿ. ಆಮೇಲೆ ಹೊಸ ಸಂಚಿಕೆ ಬಂತಾ ಎಂದು ಬಸ್ಸು ಹತ್ತುವಾಗಲೇ ಕೇಳುವಷ್ಟು ನಾನೂ ಕೆಟ್ಟುಹೋದೆ. ಮುಖವಾಡದ ಹುಡುಗಿ ಕಳೆದುಹೋದ ತನ್ನ ತಂಗಿಯನ್ನು ಹುಡುಕುತ್ತಿದ್ದಳು. ಎಪ್ಪತ್ತೊಂದನೆಯ ಸಂಚಿಕೆಯ ಕೊನೆಯಲ್ಲಿ ಒಂದು ಕಬ್ಬಿಣದ ಬಾಗಿಲಿನ ಮುಂದೆ ನಿಂತಿದ್ದಳು. ಒಳಗಿನಿಂದ ಉಸಿರಾಡುವ ಸದ್ದು. ಕೈ ಚಿಲಕದ ಮೇಲೆ. ಉಳಿದದ್ದು ಮುಂದಿನ ತಿಂಗಳು...

ಮುಂದಿನ ತಿಂಗಳು ಕಂಡಕ್ಟರು ತಂದ ಪುಸ್ತಕದ ಎರಡು ಪುಟ ಓದಿ, ಮತ್ತೆ ಮೊದಲಿನಿಂದ ಓದಿದೆ. ಪ್ರಕಾಶಕರು ತಮ್ಮ ಎಲ್ಲ ವೀರರ ಕತೆಗಳನ್ನೂ ಒಟ್ಟಿಗೆ ಅಳಿಸಿ ಹೊಸದಾಗಿ ಶುರು ಮಾಡಿದ್ದರು. ನಮ್ಮ ಹುಡುಗಿ ಈಗ ಹದಿನೈದರವಳು, ಶಾಲೆಯ ಯೂನಿಫಾರಂ ಹಾಕಿದ್ದಾಳೆ, ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ತಂಗಿ ಎಂಬವಳು ಹುಟ್ಟಿಯೇ ಇಲ್ಲ. ನಾನು ಅದನ್ನೇ ಹೇಗೋ ತಿರುಚಿ ಹಿಂದಿನ ಕತೆಗೆ ಅಂಟಿಸತೊಡಗಿದೆ. ಅವರು ಪುಸ್ತಕದ ಮೂಲೆಗೆ ಬೆರಳಿಟ್ಟರು. ಇಂಗ್ಲಿಷ್ ಬಾರದ ಕಂಡಕ್ಟರು ಇದ್ದಾರು, ಅಂಕೆ ಓದಲು ಬಾರದವರು ಇರುವುದಿಲ್ಲ.

"ಟೀಚರ್, ಇದು ಒಂದು. ನಮಗೆ ಎಪ್ಪತ್ತೆರಡು ಬೇಕಲ್ಲ?"

ಹಳೆಯದೆಲ್ಲ ನಡೆದೇ ಇಲ್ಲ ಎಂದು ಮಾಡಿದ್ದಾರೆ ಎಂದೆ.

"ನಡೆದೇ ಇಲ್ಲ ಅಂದ್ರೆ? ನಾನು ಅವಳಿಗೆ ಹೇಳಿ ಆಗಿದೆಯಲ್ಲ."

ಯೂನಿಫಾರಮಿನ ಹುಡುಗಿಯ ಚಿತ್ರವನ್ನು ತುಂಬ ಹೊತ್ತು ನೋಡಿದರು. ಇವಳಿಗಾದರೆ ಮತ್ತೆ ಹದಿನೈದು ಆಗ್ತದೆ ಎಂದರು, ನನಗಲ್ಲ, ಪುಸ್ತಕಕ್ಕೆ.

ಆ ಆಟಿಗೆ ಅವರ ಮಗಳಿಗೆ ಇಪ್ಪತ್ತು. ಫರಂಗಿಪೇಟೆಯ ಕಡೆಯ ಒಂದು ಮನೆಯಲ್ಲಿ ಮದುವೆಯಾಗದೆ ತೀರಿಕೊಂಡ ಹುಡುಗನಿದ್ದ. ಹಿರಿಯರು ಕೂತು ಇಬ್ಬರಿಗೂ ಮದುವೆ ನಿಶ್ಚಯಿಸಿದ್ದರು. ನಮ್ಮಲ್ಲಿ ಸತ್ತವರಿಗೂ ಮದುವೆ ಉಂಟು, ಧಾರೆ ಉಂಟು. ಮದುವೆಯಾದ ಮೇಲೆ ಹುಡುಗಿಗೆ ಎಲೆ ಬೀಳುವುದು ಗಂಡನ ಮನೆಯಲ್ಲಿ. ಆ ಮದುವೆಗೆ ಮೂರು ವಾರ ಉಳಿದಿತ್ತು.

"ನಮ್ಮಲ್ಲಿ ಇದು ಅವಳ ಕಡೆಯ ಎಲೆ ಟೀಚರ್. ಆ ಬಾಗಿಲಿನ ಒಳಗೆ ಯಾರಿದ್ದರು ಅಂತ ಗೊತ್ತಾಗದೆ ಅವಳು ಹೇಗೆ ಹೋಗುದು?"

ಮಂಗಳೂರಿನ ಅಂಗಡಿಗಳನ್ನೆಲ್ಲ ಅಲೆದರು. ರಜೆ ಹಾಕದ ಮನುಷ್ಯ ಎರಡು ದಿನ ರಜೆ ಹಾಕಿ ಹುಡುಕಿದರು. ಇಲ್ಲದ ಪುಸ್ತಕ ಎಲ್ಲಿಂದ ಸಿಕ್ಕೀತು. ನಾನು ಪ್ರಕಾಶಕರಿಗೆ ಬರೆದ ಇ-ಮೇಲಿಗೆ ಉತ್ತರ ಬರಲಿಲ್ಲ. ಕೊನೆಗೆ ಟಿಕೆಟಿನ ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು, ಕೈ ಮುಗಿಯುವ ಹಾಗೆ ನಿಂತು, "ನೀವೇ ಬರೆಯಿರಿ ಟೀಚರ್, ನೀವು ಹೇಳಿದ್ದನ್ನು ಅವಳು ನಂಬ್ತಾಳೆ" ಎಂದರು. ಬರೆಯುತ್ತೇನೆ ಎಂದೆ.

ಬರೆಯಲಿಲ್ಲ. ತಂಗಿ ಬದುಕಿದ್ದಾಳೆ ಎಂದು ಬರೆದರೆ ಆ ತಂದೆಯ ಗಾಯಕ್ಕೆ ಕೋಲು ಹಾಕಿದ ಹಾಗೆ, ಸತ್ತಿದ್ದಾಳೆ ಎಂದು ಬರೆಯಲು ಕೈ ಬಾರದು. ಓದದೆ ಉತ್ತರ ಕಟ್ಟುವ ಮಕ್ಕಳಿಗೆ ಬೈಯುವವಳು ನಾನು, ನಾನೇ ಕಟ್ಟಲೇ ಎಂಬ ಒಣ ಪ್ರತಿಷ್ಠೆ ಬೇರೆ. ಹೀಗೆ ದಿನ ಕಳೆದವು. ಕಡೆಯ ವಾರ ಅವರ ಮುಖ ನೋಡಲಾರದೆ ಏಳೂವರೆಯ ಬಸ್ಸು ಹಿಡಿದೆ. ಅಡಗಿ ಕೂತೆ ಎಂದೇ ಹೇಳಬೇಕು.

ಮದುವೆಗೆ ಹೋಗಿದ್ದ ಡ್ರೈವರು ಆಮೇಲೆ ಹೇಳಿದ. ಧಾರೆಗೆ ಮೊದಲು ಮಗಳಿಗೆ ಎಲೆ ಹಾಕಿ ಬಾಗಿಲು ಎಳೆದ ಮೇಲೆ, ಕಂಡಕ್ಟರು ಯಾವತ್ತಿನಂತೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಬ್ಬಿಣದ ಬಾಗಿಲಿನವರೆಗೆ ಕತೆ ಹೇಳಿದರಂತೆ. ಅಲ್ಲಿಗೆ ನಿಲ್ಲಿಸಿ, "ಸ್ವಲ್ಪ ಕಾಯುವ ಮಗಾ, ಟೀಚರ್ ಬರ್ತಾರೆ" ಎಂದರಂತೆ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಎಂದರಂತೆ. ಮುಹೂರ್ತ ಮೀರುತ್ತದೆಂದು ಹಿರಿಯರು ಅವರನ್ನು ಎಬ್ಬಿಸಿ ಬಾಗಿಲು ತೆರೆದರಂತೆ.

ಎರಡು ವಾರ ಬಿಟ್ಟು ಎಂಟು ಗಂಟೆಯ ಬಸ್ಸು ಹತ್ತಿದೆ. "ಪರವಾಗಿಲ್ಲ ಟೀಚರ್, ನಿಮಗೂ ಕೆಲಸ ಉಂಟಲ್ಲ" ಎಂದು ಟಿಕೆಟು ಹರಿದುಕೊಟ್ಟರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮುಂದಿನ ಸೀಟಿನಲ್ಲಿ ಚೀಲ ಇರಲಿಲ್ಲ, ಬೇರೆ ಯಾರೋ ಕೂತಿದ್ದರು. ಆಮೇಲೆ ಅವರು ಕಾಮಿಕ್ಸು ತಂದದ್ದನ್ನು ನಾನು ನೋಡಲಿಲ್ಲ. ಎರಡು ವರ್ಷದ ಹಿಂದೆ ಅವರೂ ಹೋದರು. ನನಗೆ ಗೊತ್ತಾದದ್ದು ಬೊಜ್ಜದ ಕ್ರಿಯೆಗಳೆಲ್ಲ ಮುಗಿದ ಮೇಲೆ.

ಈಗ ಪ್ರಕಾಶಕರು ಮನಸ್ಸು ಬದಲಿಸಿದ್ದಾರೆ. ಹಳೆಯದೆಲ್ಲ ನಡೆದದ್ದು ಹೌದಂತೆ, ಸಂಖ್ಯೆ ಕೂಡ ಎಪ್ಪತ್ತೊಂದರಿಂದ ಮುಂದಕ್ಕಂತೆ. ಇಷ್ಟು ಸುಲಭವೇ... ಫರಂಗಿಪೇಟೆಯ ಆ ಮನೆ ಯಾವುದೆಂದು ನನಗೆ ಗೊತ್ತಿಲ್ಲ. ನಾನು ಕೇಳಬೇಕಾಗಿದ್ದ ಒಬ್ಬರೂ ಈಗ ಎಲೆಯ ಆಚೆಗಿದ್ದಾರೆ.

ಮರುದಿನ ಎಂಟು ಗಂಟೆಯ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ವೇಣೂರು ದಾಟಿದ ಮೇಲೆ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಚಿಲಕ ತಿರುಗಿ ಬಾಗಿಲು ತೆರೆಯುತ್ತದೆ. ಒಳಗೆ ಸ್ಟೂಲಿನ ಮೇಲೆ ತಂಗಿ ಕೂತಿದ್ದಾಳೆ. ಸೊರಗಿದ್ದಾಳೆ, ಆದರೆ ಇದ್ದಾಳೆ. ಅಷ್ಟೇ. ಹತ್ತು ನಿಮಿಷದಲ್ಲಿ ನಾನೇ ಹೇಳಿಬಿಡಬಹುದಾಗಿದ್ದದ್ದು. ಅವಳು ತಲೆಯೆತ್ತಿ ಒಂದೇ ಮಾತು ಕೇಳುತ್ತಾಳೆ: ಯಾಕೆ ಇಷ್ಟು ತಡ?

ಗುರುವಾಯನಕೆರೆ ಬರುವವರೆಗೂ ಆ ಪುಟ ತಿರುಗಿಸಲು ನನ್ನಿಂದ ಆಗಲಿಲ್ಲ.