ಹೋಟೆಲಿನೊಳಗಿನ ಅಂಗಡಿ ಅಕ್ಕ

ನಮ್ಮಕ್ಕನನ್ನು ಊರೆಲ್ಲ ಅಂಗಡಿ ಅಕ್ಕ ಎಂದೇ ಕರೆಯುತ್ತಿತ್ತು. ಮದುವೆಯಾಗಿ ಬಂದ ವಾರವೇ ಅವಳ ಮಾವ ತಮ್ಮ ಅಂಗಡಿಯ ಕೌಂಟರಿನ ಹಿಂದೆ ಅವಳನ್ನು ನಿಲ್ಲಿಸಿದ್ದರು. ಆಮೇಲೆ ಯಾರೂ ಕೂರು ಅನ್ನಲಿಲ್ಲ. ಮೊಳೆ, ಸೀಮೆಎಣ್ಣೆ, ಸೋಪು, ಹಗ್ಗ, ಜ್ವರದ ಮಾತ್ರೆ, ಏನು ಬೇಕಾದರೂ ಅಲ್ಲೇ. ಅವಳು ತಟ್ಟೆಗೆ ಕೈ ಹಾಕಿದಳೋ ಇಲ್ಲವೋ, ಬೆಂಕಿಪೊಟ್ಟಣ ಕೇಳಿಕೊಂಡು ಯಾರೋ ಹಾಜರು. ನಮ್ಮ ಭಾವ ಪುಣ್ಯಾತ್ಮ, ಸಾಮಾನು ತರುವ ನೆಪದಲ್ಲಿ ಪೇಟೆ ಸುತ್ತುತ್ತಿದ್ದರು. ಅವರು ತೀರಿಕೊಂಡ ಮೇಲೂ ಅಂಗಡಿ ನಿಲ್ಲಲಿಲ್ಲ. ಸಂಜೆ ಹೊತ್ತಿಗೆ ಅಕ್ಕನ ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

ಹೆದ್ದಾರಿ ಬಂತು, ಅದರ ಪಕ್ಕ ದೊಡ್ಡ ಅಂಗಡಿಗಳು ಎದ್ದವು, ಇಲ್ಲಿ ವ್ಯಾಪಾರ ಬಿದ್ದುಹೋಯಿತು. ಇದನ್ನು ಹೋಟೆಲು ಮಾಡುತ್ತೇನೆ ಎಂದು ಅವಳ ಮಗ ಹೊರಟಾಗ ಎಲ್ಲರಿಗಿಂತ ಖುಷಿಪಟ್ಟವಳು ಅಕ್ಕನೇ. ಇನ್ನು ನಿನ್ನ ಮನೆಗೆ ಬಂದು ಕಾಲು ಚಾಚಿ ಮಲಗುತ್ತೇನೆ ಎಂದು ನನಗೆ ಹೇಳಿದಳು. ನಾನು ಅವಳಿಗಾಗಿ ಹೊಸ ಹಾಸಿಗೆ ಹೊಲಿಸಿಯೂ ಇಟ್ಟೆ.

ಮಗರಾಯ ಬಲು ಬುದ್ಧಿವಂತ. ಹಳೇ ಕಪಾಟು, ಡಬ್ಬಿ, ತಕ್ಕಡಿ ಎಲ್ಲವನ್ನೂ ಉಜ್ಜಿಸಿ ಇದ್ದಲ್ಲೇ ಇಟ್ಟ. ಜೊತೆಗೆ ಹೆತ್ತವಳನ್ನೂ. ಊಟಕ್ಕೆ ಬಂದವರಿಗೆ ಅವಳು ಪೆಪ್ಪರಮೆಂಟು ತೂಗಿಕೊಡಬೇಕು, ಅಂಗಡಿಯ ಕಥೆ ಹೇಳಬೇಕು. ಸ್ವಲ್ಪ ದಿನ ಅಷ್ಟೇ ಅಮ್ಮ ಎಂದಿದ್ದನಂತೆ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಗಲ್ಲ ಅಂತ ಬಾಯಿಬಿಟ್ಟು ಹೇಳೇ ಎಂದರೆ, ಹೆತ್ತ ಮಗನಿಗೆ ಅದನ್ನೂ ಹೇಳಬೇಕಾ ಎನ್ನುತ್ತಿದ್ದಳು. ಅವನಿಗೆ ಹೋಟೆಲಿನ ಗಡಿಬಿಡಿಯಲ್ಲಿ ಗೊತ್ತಾಗುತ್ತಿಲ್ಲ, ಗೊತ್ತಾದ ದಿನ ತಾನೇ ಕಳಿಸಿಕೊಡುತ್ತಾನೆ ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಗಿರಾಕಿ ಹೆಂಗಸೊಬ್ಬಳು, ಈ ಅಂಗಡಿಯಲ್ಲಿ ನಿಮಗೆ ತುಂಬಾ ಇಷ್ಟವಾದ ಹೊತ್ತು ಯಾವುದು ಎಂದು ಕೇಳಿದಳು. ಮಗ ಪಕ್ಕದಲ್ಲೇ ನಿಂತಿದ್ದ. ಅಕ್ಕ ಅವನ ಮುಖ ನೋಡಿಕೊಂಡೇ ಉತ್ತರ ಕೊಟ್ಟಳು.

"ಬಾಗಿಲು ಹಾಕೋ ಹೊತ್ತು ಕಣಮ್ಮ. ನಂಗೆ ಸಾಕಾಗಿದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ.

ಮುಂದಿನ ಸಲ ನಾನು ಹೋದಾಗ ಗೋಡೆಯ ಮೇಲೆ ಅದೇ ಮಾತು, ದಪ್ಪ ಬಣ್ಣದ ಅಕ್ಷರದಲ್ಲಿ. ಸಾಕಾಗಿದೆ ಅನ್ನುವುದನ್ನೂ ಬಿಟ್ಟಿರಲಿಲ್ಲ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನ ಕಪಾಳಕ್ಕೆ ಬಾರಿಸಿಯೇ ಬರುತ್ತೇನೆ ಎಂದು ನಾನು ಅಡುಗೆಮನೆ ಕಡೆ ಹೊರಟೆ. ಅಕ್ಕ ಕೈ ಹಿಡಿದು ತಡೆದಳು.

"ಬಿಡೇ," ಅಂದಳು. "ಅವನಿಗೆ ಕೇಳಿಸಿಲ್ಲ ಅಂದ್ಕೊಂಡಿದ್ದೆ ನಾನು. ಕೇಳಿಸಿದೆ."