ಖಾಲಿ ಡಬ್ಬಿಗೆ ಹಾಕದ ಗುರುತು

ಬೆಳಗಿನ ಸೈರನ್, ಇಲ್ಲಿನವರ ಬಾಯಲ್ಲಿ ಭೋಂಗಾ, ಇನ್ನೂ ಕೂಗಿಲ್ಲ. ವಾಡಿಯಿಂದ ಚಿತ್ತಾಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಸುಣ್ಣದ ಕಾರ್ಖಾನೆ ಇದೆ. ಅದರ ಕಲ್ಲುಗಣಿಯ ಬಾಯಲ್ಲಿ ಗನಿಸಾಬರು ಕುಕ್ಕರುಗಾಲಲ್ಲಿ ಕೂತು ತಗಡಿನ ಬಟ್ಟಲಲ್ಲಿ ಕೆಮ್ಮಣ್ಣು ಕಲಸುತ್ತಿದ್ದಾರೆ. ಇಲ್ಲಿ ಗಿಡ, ಹಳಿ, ಮನುಷ್ಯರ ಹುಬ್ಬು ಎಲ್ಲವೂ ಬಿಳಿ. ಸೀಮೆಸುಣ್ಣದಲ್ಲಿ ಬರೆದರೆ ದೇವರಿಗೂ ಕಾಣುವುದಿಲ್ಲ. ಅದಕ್ಕೇ ಕೆಮ್ಮಣ್ಣು. ಎಡಗೈಯಲ್ಲಿ ಮೂರೇ ಬೆರಳಿರುವುದರಿಂದ ಬಟ್ಟಲನ್ನು ಮೊಣಕಾಲ ನಡುವೆ ಒತ್ತಿ ಹಿಡಿಯುತ್ತಾರೆ.

ಗಣಿಯೊಳಗೆ ನಾಲ್ಕು ಗುಂಪುಗಳು ಏಕಕಾಲಕ್ಕೆ ಕಲ್ಲು ತುಂಬುತ್ತವೆ. ನಾಲ್ಕಕ್ಕೂ ಬೇರೆ ಬೇರೆ ಹಳಿ. ಮುಂದೆ ಎಲ್ಲವೂ ಒಂದಾಗಿ ಕಲ್ಲು ಒಡೆಯುವ ಕ್ರಷರ್‌ಗೆ ಹೋಗುತ್ತವೆ. ಕಲ್ಲು ತುಂಬಿದ ಕಬ್ಬಿಣದ ಡಬ್ಬಿಗಳನ್ನು ಸಣ್ಣ ಇಂಜಿನ್ ಎಳೆದೊಯ್ಯುತ್ತದೆ, ಖಾಲಿಯವನ್ನು ತಂದು ಬಿಡುತ್ತದೆ. ಯಾವ ಗುಂಪಿನ ಡಬ್ಬಿ, ಎಷ್ಟೊತ್ತಿಗೆ ಹೊರಟಿತು ಎಂಬುದನ್ನು ಡಬ್ಬಿಯ ಮೈಮೇಲೇ ಬರೆಯುವುದು ಗನಿಸಾಬರ ಕೆಲಸ. ಕ್ರಷರ್‌ನ ತುದಿಯಲ್ಲಿ ಅವರ ಜೊತೆಗಾರ ಶೌಕತ ಅಲಿ ಅದು ಬಂದು ಮುಟ್ಟಿದ ಹೊತ್ತನ್ನು ಪಕ್ಕಕ್ಕೆ ಬರೆದು, ಎರಡನ್ನೂ ಕಚೇರಿಗೆ ಒಪ್ಪಿಸಿ, ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಈ ಕೆಲಸಕ್ಕೆ ಹೆಸರಿಲ್ಲ. ಹಾಜರಿಯಲ್ಲಿ ಇಬ್ಬರೂ ಇವತ್ತಿಗೂ ಕೂಲಿಗಳೇ.

ಈ ಗುರುತು ಶುರುವಾದದ್ದು ಎಪ್ಪತ್ತಾರರ ಬೇಸಿಗೆಯಲ್ಲಿ. ಸುಣ್ಣ ಸುಡುವ ಭಟ್ಟಿಗೆ ಕಲ್ಲು ಸಾಲದೆ ಬೆಂಕಿ ಸುಮ್ಮನೆ ಉರಿಯುತ್ತಿತ್ತು. ಗುಂಪಿನವರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು, ಎಲ್ಲರೂ ಸೇರಿ ಇಂಜಿನ್ನಿನವನ ಮೇಲೆ ಹಾಕಿದರು. ಹೊತ್ತು ಎಲ್ಲಿ ಹಾಳಾಗುತ್ತಿದೆ ಎಂದು ಹುಡುಕಲು ಆಗಿನ ಸಾಹೇಬರು ಗನಿಸಾಬರ ಕೈಗೆ ಒಂದು ಗಡಿಯಾರ ಕೊಟ್ಟರು. ಕಲ್ಲು ಹೊತ್ತು ಬೆನ್ನು ಬಿದ್ದಿದ್ದ ಗನಿಸಾಬರಿಗೆ ಹೋದ ಜೀವ ಬಂದಂತಾಯಿತು.

"ಮೊದಮೊದಲ ಡಬ್ಬಿ ನಿಂದ್ರಿಸಿ ಬರೀತಿದ್ದೆ. ಹಿಂದಿನವೆಲ್ಲಾ ಸಾಲಾಗಿ ನಿಂತು ಬಿಡ್ತಿದ್ವು. ಹೊತ್ತು ಎಲ್ಲಿ ಹೋಗ್ತದ ಅಂತ ನೋಡಾಕ ಇಟ್ರ ನೀನೇ ಹೊತ್ತು ತಿನ್ನಾಕತ್ತೀಯಲ್ಲೋ ಅಂತ ಸಾಹೇಬ್ರು ಬೈದ್ರು. ಆಮ್ಯಾಲ ಹೊಂಟ ಡಬ್ಬಿ ಜೋಡಿ ನಡಕೋತ ಬರಿಯೋದು ಕಲತೆ. ಕಲಿಯೋದ್ರಾಗ ಇವು ಹೋದ್ವು," ಎಂದು ಇಲ್ಲದ ಎರಡು ಬೆರಳಿನ ಜಾಗ ತೋರಿಸುತ್ತಾರೆ. ಪರಿಹಾರ ಎಂದು ಬಂದದ್ದು ಎಂಟು ದಿನದ ರಜೆ, ಅದೂ ಪಗಾರಿಲ್ಲದ್ದು.

ಗಡಿಯಾರದ ತಕರಾರು ಇನ್ನೊಂದು. ಗಣಿಯಲ್ಲಿದ್ದದ್ದು ಮುಂದೆ ಓಡುತ್ತಿತ್ತು, ಕ್ರಷರ್‌ನಲ್ಲಿದ್ದದ್ದು ಹಿಂದೆ ಬೀಳುತ್ತಿತ್ತು. ಒಂದು ದಿನದ ಗುರುತಿನ ಪ್ರಕಾರ ಡಬ್ಬಿಯೊಂದು ಗಣಿ ಬಿಡುವ ಮೊದಲೇ ಕ್ರಷರ್ ಮುಟ್ಟಿತ್ತು! ಶೌಕತ ಅಲಿ ಅದನ್ನು ನೆನೆದು ಈಗಲೂ ನಗುತ್ತಾರೆ. ಅಂದಿನಿಂದ ಇಬ್ಬರೂ ಭೋಂಗಾ ಕೂಗಿದಾಗಲೇ ಮುಳ್ಳು ತಿರುಗಿಸಿಕೊಳ್ಳುತ್ತಾರೆ.

ಗುಂಪುಗಳಿಗೆ ಒಂದೊಂದು ಚಿಹ್ನೆ ಬೇಕಾಯಿತು. ಒಂದಕ್ಕೆ ಏಣಿ, ಒಂದಕ್ಕೆ ಗುದ್ದಲಿ, ಒಂದಕ್ಕೆ ಚೇಳು. ಎಲ್ಲಕ್ಕಿಂತ ದೂರದ ಹಳಿಯಲ್ಲಿ ಹೆಂಗಸರದೇ ಗುಂಪು. ಅದರ ಮುಂದಾಳು ಯಂಕಮ್ಮ. "ನಮಗ ಬಳಿ ಬರಿ, ಅಣ್ಣ," ಎಂದಳಂತೆ. ಗನಿಸಾಬರು ದುಂಡಗೆ ಬಳೆ ಬರೆದರು.

ತಿಂಗಳಾಗುವಷ್ಟರಲ್ಲಿ ಗುರುತು ಮಾತಾಡಿತು. ಉಳಿದ ಮೂರು ಹಳಿಯಿಂದ ತುಂಬಿದ ಡಬ್ಬಿಗಳು ಒಂದರ ಹಿಂದೊಂದು ಬರುತ್ತಿದ್ದವು. ಬಳೆಯ ಡಬ್ಬಿಗಳ ನಡುವೆ ಮಾತ್ರ ದೊಡ್ಡ ದೊಡ್ಡ ಅಂತರ. ಹೆಂಗಸರು ಕೆಲಸಗಳ್ಳರು, ಕಾಮಚೋರರು ಎಂದು ಕಚೇರಿಯಲ್ಲಿ ತೀರ್ಮಾನವಾಯಿತು. ಗುಂಪಿಗೆ ಗುಂಪನ್ನೇ ಕಿತ್ತು ಹಾಕಿದರು. ಕಾಮಚೋರರೆಂಬ ಆ ಹೆಸರು ಅವರಿಗಿಂತ ಮೊದಲೇ ಶಹಾಬಾದಿನ ನೆಲಹಾಸಿನ ಫರ್ಸಿಕಲ್ಲಿನ ಗಣಿಗಳನ್ನು ಮುಟ್ಟಿತು. ಅಲ್ಲಿಯೂ ಯಾರೂ ಕರೆಯಲಿಲ್ಲ.

ನಿಜ ಸಂಗತಿ ಯಂಕಮ್ಮನಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ಕೇಳುವವರಿರಲಿಲ್ಲ. ಈಗ ಅವಳು ಕಾರ್ಖಾನೆಯ ಗೇಟಿನ ಹೊರಗೆ ರಸ್ತೆಗೆ ಜಲ್ಲಿ ಒಡೆಯುತ್ತಾಳೆ. ಸುತ್ತಿಗೆ ನಿಲ್ಲಿಸದೆಯೇ ಹೇಳುತ್ತಾಳೆ: "ಇಂಜಿನ್ನಿನಂವ ಖಾಲಿ ಡಬ್ಬಿ ಮೂರು ಹಳಿಗಿ ಹಂಚಿ, ಉಳದ್ರ ನಮಗ ತರ್ತಿದ್ದ. ನಾವು ಕಲ್ಲಿನ ಪುಟ್ಟಿ ತುಂಬಿಕೊಂಡು ಬಿಸಲಾಗ ದಾರಿ ಕಾಯ್ತಿದ್ದೆವು. ತುಂಬಿದ್ದಕ್ಕ ಗುರುತು ಹಾಕಿದ, ಖಾಲಿದಕ್ಕ ಯಾಕ ಹಾಕಲಿಲ್ಲ ಕೇಳ್ರಿ ಆ ಗುರುತಿನಾಂವಗ!"

ಹೌದು, ಹಾಕಿರಲಿಲ್ಲ. ಹೋಗುವ ಕಲ್ಲಿನ ಹೊತ್ತು ಬರೆಯಲು ಹೇಳಿದ್ದರು, ಬರೆದರು. ಬರುವ ಖಾಲಿ ಡಬ್ಬಿಯೂ ಎಲ್ಲೋ ನಿಂತು ಹೊತ್ತು ತಿನ್ನಬಹುದು ಎಂದು ಸಾಹೇಬರಿಗೂ ಹೊಳೆಯಲಿಲ್ಲ, ಗನಿಸಾಬರಿಗೂ ಹೊಳೆಯಲಿಲ್ಲ. ಸಾಹೇಬರು ಬಡ್ತಿ ಪಡೆದು ಬೇರೆ ಊರಿಗೆ ಹೋದರು. ಗನಿಸಾಬರು ದಿನಾ ಆ ಗೇಟು ದಾಟಿಯೇ ಒಳಗೆ ಬರಬೇಕು.

"ಮೊದಲೆಲ್ಲಾ ಅಣ್ಣ ಅಂತಿದ್ಳು. ಈಗ ನಾ ಬಂದ್ರ ಸುತ್ತಿಗಿ ಜೋರಾಗ್ತದ," ಎನ್ನುತ್ತಾರೆ.

ಹೆಂಗಸರು ಹೋದ ಮೇಲೂ ಭಟ್ಟಿ ಹಸಿದೇ ಇತ್ತು. ಆ ಹಳಿಗೆ ಬಂದ ಗಂಡಸರ ಗುಂಪೂ ಬಿಸಿಲಲ್ಲಿ ನಿಂತು ಬೀಡಿ ಸೇದತೊಡಗಿತು. ಗನಿಸಾಬರು ಯಾರೂ ಹೇಳದೆ ಖಾಲಿ ಡಬ್ಬಿಗೂ ಗುರುತು ಹಾಕಲು ಹಿಡಿದರು. ಹೆಚ್ಚಿನ ಕೆಮ್ಮಣ್ಣನ್ನು ಹೆಂಡತಿ ಬಷೀರಾ ಹಳ್ಳದ ದಂಡೆಯಿಂದ ಅಗೆದು ತರುತ್ತಿದ್ದಳು. ಆ ಲೆಕ್ಕ ಹಿಡಿದು ಗನಿಸಾಬರು ಕಚೇರಿಯ ಬಾಗಿಲಲ್ಲಿ ಎಷ್ಟು ಸಲ ನಿಂತರೋ! ಮೂರು ವರ್ಷದ ಮೇಲೆ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯರು. ಕ್ರಷರ್ ಹತ್ತಿರ ಬಿಸಿಲಲ್ಲಿ ನಿಂತು ನೋಡಿ, ದೂರದ ಹಳಿಗೇ ಮೊದಲು ಖಾಲಿ ಡಬ್ಬಿ ಬಿಡುವಂತೆ ಇಂಜಿನ್ನಿನವನಿಗೆ ಹೇಳಿದರು. ವಾರದಲ್ಲಿ ಭಟ್ಟಿ ಹೊಟ್ಟೆ ತುಂಬ ಉಣ್ಣತೊಡಗಿತು. ಗನಿಸಾಬರಿಗೆ ಎಲ್ಲರೆದುರು ಒಂದು ಹಾರ, ಒಂದು ಗೋಡೆ ಗಡಿಯಾರ.

ಹಾರ ಕೊರಳಲ್ಲಿರುವಾಗಲೇ ಗನಿಸಾಬರು ಕೇಳಿದರಂತೆ, "ಸಾಹೇಬ್ರ, ಆ ಹೆಣ್ಮಕ್ಕಳ್ನ ತಿರುಗಿ ಕರೀರಿ. ಅವರದು ತಪ್ಪಿರಲಿಲ್ಲ ಅಂತ ಈಗ ನಿಮಗ ಗೊತ್ತಾಗ್ಯಾದಲ್ರಿ." ಒಳ್ಳೆಯ ಸಾಹೇಬರು ಒಳ್ಳೆಯ ಮಾತಿನಲ್ಲೇ ಉತ್ತರ ಕೊಟ್ಟರು: ಅದು ಹಿಂದಿನವರ ಕಾಲದ್ದು, ಆ ಜಾಗಕ್ಕೆ ಈಗ ಜನ ಇದ್ದಾರೆ, ಹಳೆಯದನ್ನು ಕೆದಕುವುದು ಬೇಡ. ಅಷ್ಟು ಹೇಳಿ ಚಪ್ಪಾಳೆ ತಟ್ಟಿದರು. ತಪ್ಪು ಸಿಕ್ಕಿತು, ತಿದ್ದಿಯೂ ಆಯಿತು. ತಪ್ಪಿಗೆ ಸಿಕ್ಕವರು ಮಾತ್ರ ಗೇಟಿನ ಹೊರಗೇ ಉಳಿದರು. ಆ ಹಳಿಯ ಗಂಡಸರ ಗುಂಪಿಗೆ ಈ ವರ್ಷ ಚುರುಕಿನ ಗುಂಪು ಎಂಬ ಹೆಸರು ಬಂದಿದೆ. ಕೇಳಿದರೆ ಮೈ ಉರಿಯುತ್ತದೆ.

ಗೋಡೆ ಗಡಿಯಾರ ಗನಿಸಾಬರ ಮನೆಯ ಗೋಡೆಯ ಮೇಲಿಲ್ಲ. ಬಷೀರಾ ಅದನ್ನು ಟ್ರಂಕಿನಲ್ಲಿ ಹಾಕಿ ಮುಚ್ಚಿದ್ದಾಳೆ.

ಭೋಂಗಾ ಕೂಗುತ್ತದೆ. ಗನಿಸಾಬರು ಮುಳ್ಳು ತಿರುಗಿಸಿಕೊಂಡು ಏಳುತ್ತಾರೆ. ದೂರದ ಹಳಿಯ ಮೊದಲ ಡಬ್ಬಿ ಹೊರಡುತ್ತದೆ. ಜೊತೆಗೇ ನಡೆಯುತ್ತ ಅದರ ಮೈಮೇಲೆ ದುಂಡಗೆ ಬಳೆ ಬರೆಯುತ್ತಾರೆ. ಆ ಹಳಿಯ ಗಂಡಸರು ಚಿಹ್ನೆ ಬದಲಿಸಬೇಕೆಂದು ಕೂಲಿಗಳ ಮೇಲಿನ ಮುಕಾದಮನಿಗೆ ದೂರು ಕೊಟ್ಟು ಸಾಕಾಗಿದ್ದಾರೆ.

ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಗನಿಸಾಬರು ಕೈಯ ಕೆಂಪನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

"ನಂದೇನ್ ಬರೀಬ್ಯಾಡ್ರಿ. ಯಂಕಮ್ಮನ ಗ್ಯಾಂಗಿನವರು ಕಾಮಚೋರರಲ್ಲ ಅಂತ ಒಂದ್ ಮಾತು ಹಾಕ್ರಿ. ನಾ ಬರೆದದ್ದು ಸಂಜಿಯೊಳಗ ಒರಸ್ತಾರ. ನೀವು ಬರೆದದ್ದು ಒರಸಾಕ ಬರಂಗಿಲ್ಲಲ್ರಿ?"